ಮನೆ ಕಟ್ಟುವ ಮುನ್ನ ರಟ್ಟಿನ ಮಾದರಿ ಮಾಡಿಸುವುದರಿಂದ ನಿಜವಾಗಿ ಉಪಯೋಗವಿದೆಯೇ?

ಪ್ರಶ್ನೆ: ನಿವೃತ್ತ ಉಪನ್ಯಾಸಕ, ವಿಜಯನಗರ, ಮೈಸೂರು

ಎಲ್ಲರಿಗೂ ನಮಸ್ಕಾರ. ವಿಜಯನಗರದಲ್ಲಿ ನಮಗೊಂದು 40-60ರ ನಿವೇಶನವಿದೆ. ರಸ್ತೆ ಪೂರ್ವಕ್ಕಿದ್ದು, ನಲವತ್ತಡಿಯ ಅಗಲ ದಕ್ಷಿಣೋತ್ತರವಾಗಿದೆ. ಅದರಲ್ಲಿ ಎರಡು ಅಂತಸ್ತಿನ ಮನೆ ಕಟ್ಟಿಸಿ, ನಟ್ಟನಡುವೆ ಎಂಟಡಿ ಉದ್ದ, ಎಂಟಡಿ ಅಗಲದ ತೊಟ್ಟಿಯೊಂದನ್ನು ಆಕಾಶಕ್ಕೆ ತೆರೆದಿಡಬೇಕೆಂಬುದು ನಮ್ಮ ಯೋಜನೆ. ಕೋತಿಗಳು ಇಳಿಯದಂತೆ ಮೇಲೊಂದು ಜಾಲರಿ ಮಾತ್ರ ಇರುತ್ತದೆ. ತೊಟ್ಟಿ ಬೇಕೆಂಬ ಹಟ ನನ್ನ ತಾಯಿಯವರದು. ಅವರು ಹುಟ್ಟಿ ಬೆಳೆದದ್ದು ಪಾಂಡವಪುರದ ಬಳಿಯ ಹಳ್ಳಿಯೊಂದರ ತೊಟ್ಟಿಮನೆಯಲ್ಲಿ. ಚಳಿಗಾಲದ ಮಧ್ಯಾಹ್ನ ತೊಟ್ಟಿಯ ಬಿಸಿಲಿಗೆ ಬೆನ್ನು ಕೊಟ್ಟು ಕುಳಿತು ಅವರೆಕಾಯಿ ಬಿಡಿಸುತ್ತಿದ್ದುದನ್ನು ಈಗಲೂ ನೆನೆಯುತ್ತಾರೆ.

ನಮ್ಮ ವಾಸ್ತುಶಿಲ್ಪಿಗಳು ನಕ್ಷೆಯ ಜೊತೆಗೆ ಕಂಪ್ಯೂಟರಿನಲ್ಲಿ ತಯಾರಿಸಿದ ಮೂರು ನಿಮಿಷದ ವಿಡಿಯೋ ಒಂದನ್ನು ತೋರಿಸಿದರು. ಗೋಡೆ, ಸೋಫಾ, ಹೂಕುಂಡ ಎಲ್ಲವೂ ಥಳಥಳಿಸುತ್ತಿದ್ದವು. ನಾನೂ ನನ್ನ ಪತ್ನಿಯೂ ಮೆಚ್ಚಿ ತಲೆಯಾಡಿಸುತ್ತಿದ್ದಾಗ ತಾಯಿಯವರು, "ಇದರಲ್ಲಿ ಬಿಸಿಲು ಯಾವ ಕಡೆಯಿಂದ ಬರುತ್ತೆ?" ಎಂದು ಕೇಳಿದರು. ಕೊಠಡಿಯಲ್ಲಿದ್ದ ಯಾರ ಬಳಿಯೂ ಥಟ್ಟನೆ ಉತ್ತರವಿರಲಿಲ್ಲ. ಅವರಿಗೆ ನಕ್ಷೆ ಓದಲು ಬರುವುದಿಲ್ಲ, ವಿಡಿಯೋ ಓಡುವ ವೇಗಕ್ಕೆ ಕಣ್ಣು ಹೊಂದುವುದಿಲ್ಲ. ಕೈಯಲ್ಲಿ ಹಿಡಿದು ತಿರುಗಿಸಿ ನೋಡುವಂಥ ಮಾದರಿಯೊಂದಿದ್ದರೆ ಅವರಿಗೂ ನಮಗೂ ಅನುಕೂಲವಾದೀತೆಂದು ಮಾದರಿ ತಯಾರಕರೊಬ್ಬರನ್ನು ವಿಚಾರಿಸಿದೆ. ಗಾಜಿನ ಪೆಟ್ಟಿಗೆ, ಒಳಗೆ ದೀಪ, ಹಸಿರು ಗಿಡಗಳೊಂದಿಗೆ ಅವರು ಹೇಳಿದ ಬೆಲೆ ನನ್ನ ಒಂದು ತಿಂಗಳ ಪಿಂಚಣಿಯನ್ನು ಮೀರುತ್ತದೆ.

ಇಷ್ಟು ಹಣಕ್ಕೆ ತಕ್ಕ ಪ್ರಯೋಜನ ಇದರಿಂದ ಸಿಗುತ್ತದೆಯೇ? ಬಿಸಿಲು ಬೀಳುವುದನ್ನು, ಮಳೆನೀರು ಹರಿಯುವುದನ್ನು ಮಾದರಿಯ ಮೇಲೆಯೇ ಪರೀಕ್ಷಿಸಬಹುದೇ? ಅನುಭವವುಳ್ಳವರು ದಯವಿಟ್ಟು ತಿಳಿಸಬೇಕು.

ಉತ್ತರ 1: ವಾಸ್ತುಶಿಲ್ಪಿ, ಮೈಸೂರು

ಮಾನ್ಯರೇ, ತಾವು ವಿಚಾರಿಸಿದ್ದು ಪ್ರದರ್ಶನದ ಮಾದರಿಯ ಬೆಲೆಯನ್ನು. ತಮಗೆ ಬೇಕಾಗಿರುವುದು ಅದಲ್ಲ. ಎಲ್ಲವೂ ತೀರ್ಮಾನವಾದ ಮೇಲೆ ನೆಂಟರಿಷ್ಟರಿಗೆ ತೋರಿಸಲು ಮಾಡಿಸುವ ಮಾದರಿ ಒಂದು ಬಗೆಯಾದರೆ, ಇನ್ನೂ ಏನೂ ತೀರ್ಮಾನವಾಗದಿರುವಾಗ ಕತ್ತರಿಸಿ, ಕಿತ್ತು, ಮತ್ತೆ ಅಂಟಿಸುವುದಕ್ಕೆಂದೇ ಮಾಡುವ ಒರಟು ಮಾದರಿ ಇನ್ನೊಂದು ಬಗೆ. ಎರಡನೆಯದಕ್ಕೆ ರಟ್ಟು, ಸನ್‌ಬೋರ್ಡ್ ಎಂಬ ಹಗುರ ಪ್ಲಾಸ್ಟಿಕ್ ಹಲಗೆ, ಗುಂಡುಸೂಜಿ, ಒಂದು ಕಟ್ಟರ್ ಮತ್ತು ಉಕ್ಕಿನ ಅಳತೆಪಟ್ಟಿ ಸಾಕು. ಗಾಜಿನ ಪೆಟ್ಟಿಗೆಯೊಳಗೆ ಹೋದ ಮಾದರಿಗೆ ಯಾರೂ ಕತ್ತರಿ ಹಾಕುವುದಿಲ್ಲ. ತಪ್ಪು ಕಂಡರೂ ಖರ್ಚಿನ ಮುಖ ನೋಡಿ ಸುಮ್ಮನಾಗುತ್ತಾರೆ.

ಇದು ಹೊಸ ಮಾತಲ್ಲ. 15ನೆಯ ಶತಮಾನದ ಇಟಲಿಯಲ್ಲಿ ವಾಸ್ತುಶಿಲ್ಪದ ಬಗ್ಗೆ ಬರೆದ ಆಲ್ಬರ್ಟಿ, ಬಣ್ಣ ಬಳಿದು ಅಲಂಕರಿಸಿದ ಮಾದರಿಗಳು ನೋಡುವವರ ಕಣ್ಣನ್ನು ಮರುಳುಗೊಳಿಸುತ್ತವೆ, ಆದ್ದರಿಂದ ಸರಳವಾದ, ಬರಿಯ ಮಾದರಿಗಳನ್ನೇ ಮಾಡಬೇಕು ಎಂದು ಸಲಹೆ ನೀಡಿದ್ದರು. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿಗಾಗಿ ಕ್ರಿಸ್ಟೋಫರ್ ರೆನ್ 1673-74ರಲ್ಲಿ ಓಕ್ ಮರದಿಂದ ಮಾಡಿಸಿದ ಮಾದರಿ ಆರು ಮೀಟರಿಗೂ ಹೆಚ್ಚು ಉದ್ದವಿದೆ. ಒಳಗೆ ನಿಂತು ನೋಡಬಹುದಾದ ಆ ಭವ್ಯ ಮಾದರಿಯನ್ನು ಚರ್ಚಿನವರು ಒಪ್ಪಲಿಲ್ಲ, ಕಟ್ಟಿದ್ದು ಬೇರೆಯದೇ ವಿನ್ಯಾಸವನ್ನು. ಇನ್ನು ಮುಂದೆ ಮಾದರಿಗಳನ್ನು ಮಾಡಿಸುವುದೂ ಇಲ್ಲ, ರೇಖಾಚಿತ್ರಗಳನ್ನು ಹತ್ತು ಜನರ ಮುಂದಿಡುವುದೂ ಇಲ್ಲ ಎಂದು ರೆನ್ ಆಗ ನಿಶ್ಚಯಿಸಿದರೆಂದು ಅವರ ಮನೆತನದವರ ಬರಹದಲ್ಲಿದೆ. (ಮಾಲೀಕರ ಇಡೀ ಬಳಗದ ಎದುರು ಮಾದರಿಯನ್ನಿಟ್ಟು ಕೂತ ಯಾವ ವಾಸ್ತುಶಿಲ್ಪಿಗಾದರೂ ಈ ಸಂಕಟ ಅರ್ಥವಾಗುತ್ತದೆ.)

ಇನ್ನು ತಮ್ಮ ಮನೆಗೆ ಬರೋಣ. ಪ್ರಮಾಣ ಐವತ್ತಕ್ಕೆ ಒಂದು ಇರಲಿ. ಹಾಗೆ ಮಾಡಿದರೆ 40-60ರ ನಿವೇಶನ ಸುಮಾರು 24 ಸೆಂಟಿಮೀಟರ್ ಅಗಲ, 37 ಸೆಂಟಿಮೀಟರ್ ಉದ್ದವಾಗಿ ಊಟದ ಮೇಜಿನ ಮೇಲೆ ಸಲೀಸಾಗಿ ಕೂರುತ್ತದೆ. ಒಂಬತ್ತಂಗುಲದ ಗೋಡೆ 4.6 ಮಿಲಿಮೀಟರ್ ಆಗುವುದರಿಂದ ಐದು ಮಿಲಿಮೀಟರಿನ ಸನ್‌ಬೋರ್ಡ್ ಅದಕ್ಕೆ ಹೆಚ್ಚುಕಡಿಮೆ ಸರಿಹೋಗುತ್ತದೆ. ನಾಲ್ಕೂವರೆ ಅಂಗುಲದ ಗೋಡೆಗೆ ಎರಡು ಮಿಲಿಮೀಟರಿನ ರಟ್ಟು ಸಾಕು. ನೂರಕ್ಕೆ ಒಂದರ ಪ್ರಮಾಣದಲ್ಲಿ ಮಾಡಿದರೆ ಹೊರಗಿನ ಆಕಾರ ತಿಳಿಯುತ್ತದೆಯೇ ಹೊರತು ಒಳಗಿನ ಮೆಟ್ಟಿಲು, ಬೀಮು, ಬಾಗಿಲುಗಳ ಜಗಳ ಕಾಣುವುದಿಲ್ಲ. ನೆಲ ಅಂತಸ್ತು, ಮೊದಲ ಅಂತಸ್ತು, ತಾರಸಿ ಮೂರನ್ನೂ ಬೇರೆಬೇರೆಯಾಗಿ ಮಾಡಿ, ಅಡುಗೆಮನೆಯ ಡಬ್ಬದ ಕ್ಯಾರಿಯರ್‌ನಂತೆ ಒಂದರ ಮೇಲೊಂದು ಕೂರಿಸುವಂತಿರಲಿ. ಗೋಡೆಗಳನ್ನು ಗುಂಡುಸೂಜಿಯಿಂದ ನಿಲ್ಲಿಸಿ, ಮೊದಲೇ ಅಂಟು ಹಾಕಬೇಡಿ.

ಬಿಸಿಲಿನ ಪರೀಕ್ಷೆ ಖಂಡಿತವಾಗಿಯೂ ಸಾಧ್ಯ. ನಿಜ ಹೇಳಬೇಕೆಂದರೆ ಒರಟು ಮಾದರಿಯ ಅತಿ ದೊಡ್ಡ ಲಾಭವೇ ಅದು. ಸೂರ್ಯನ ಕಿರಣಗಳಿಗೆ ಅಳತೆಯ ಹಂಗಿಲ್ಲ; ಐವತ್ತು ಪಟ್ಟು ಕುಗ್ಗಿಸಿದ ತೊಟ್ಟಿಯಲ್ಲಿ ಬೀಳುವ ನೆರಳು ನಿಜವಾದ ತೊಟ್ಟಿಯಲ್ಲಿ ಬೀಳುವ ನೆರಳಿನ ಆಕಾರದಲ್ಲೇ ಇರುತ್ತದೆ. ಮೈಸೂರು ಸುಮಾರು 12.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಆದ್ದರಿಂದ ಡಿಸೆಂಬರ್ 21ರ ಸುಮಾರಿಗೆ ನಡುಹಗಲಿನ ಸೂರ್ಯ ದಕ್ಷಿಣ ದಿಗಂತದಿಂದ 54 ಡಿಗ್ರಿಯಷ್ಟು ಎತ್ತರದಲ್ಲಿರುತ್ತಾನೆ, ಮಾರ್ಚ್ ಮತ್ತು ಸೆಪ್ಟೆಂಬರ್ ತಿಂಗಳಲ್ಲಿ ಹಗಲು-ರಾತ್ರಿ ಸಮನಾಗಿರುವ ದಿನಗಳಲ್ಲಿ 78 ಡಿಗ್ರಿಯ ಹತ್ತಿರ. ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ ಮೂರನೆಯ ವಾರದವರೆಗೆ ನಡುಹಗಲಿನ ಸೂರ್ಯ ನಮ್ಮ ನೆತ್ತಿಯನ್ನು ದಾಟಿ ಉತ್ತರಕ್ಕಿರುತ್ತಾನೆ ಎಂಬುದನ್ನು ನಮ್ಮಲ್ಲಿ ಅನೇಕರು ಗಮನಿಸುವುದೇ ಇಲ್ಲ. ಉತ್ತರದ ಕಿಟಕಿಗೆ ಸಜ್ಜ ಬೇಡವೆನ್ನುವವರು ಮೇ ತಿಂಗಳಲ್ಲಿ ಪರದೆ ಹುಡುಕುತ್ತಾರೆ.

ವಿಧಾನ ಹೀಗಿದೆ. ಮಾದರಿಯ ಹಲಗೆಯ ಮೂಲೆಯಲ್ಲಿ ಐದು ಸೆಂಟಿಮೀಟರ್ ಎತ್ತರದ ಕಡ್ಡಿಯೊಂದನ್ನು ನೆಟ್ಟಗೆ ನಿಲ್ಲಿಸಿ. ಅದರ ಬುಡದಿಂದ ಉತ್ತರಕ್ಕೆ 3.6 ಸೆಂಟಿಮೀಟರ್ ದೂರದಲ್ಲಿ ಒಂದು ಚುಕ್ಕೆ ಇಡಿ, ಅದು ಡಿಸೆಂಬರಿನ ನಡುಹಗಲು. ಉತ್ತರಕ್ಕೇ 1.1 ಸೆಂಟಿಮೀಟರಿನಲ್ಲಿ ಇಟ್ಟ ಚುಕ್ಕೆ ಮಾರ್ಚ್ ಮತ್ತು ಸೆಪ್ಟೆಂಬರಿನದು, ದಕ್ಷಿಣಕ್ಕೆ 1 ಸೆಂಟಿಮೀಟರಿನಲ್ಲಿ ಇಟ್ಟದ್ದು ಜೂನ್ ತಿಂಗಳದ್ದು. ಈಗ ಹಲಗೆಯನ್ನು ಎತ್ತಿಕೊಂಡು ಅಂಗಳದ ಬಿಸಿಲಿಗೆ ಬಂದು, ಕಡ್ಡಿಯ ನೆರಳಿನ ತುದಿ ಬೇಕಾದ ಚುಕ್ಕೆಯ ಮೇಲೆ ಬೀಳುವವರೆಗೆ ಹಲಗೆಯನ್ನು ಓರೆ ಮಾಡಿ. ಆ ಕ್ಷಣದಲ್ಲಿ ತೊಟ್ಟಿಯೊಳಗೆ ಕಾಣುವ ಬಿಸಿಲೇ ಆ ತಿಂಗಳ ನಡುಹಗಲಿನ ಬಿಸಿಲು; ತಾವು ಅದನ್ನು ನೋಡುತ್ತಿರುವುದು ಯಾವ ತಿಂಗಳಾದರೂ, ಬೆಳಗಿನ ಒಂಬತ್ತು ಗಂಟೆಯಾದರೂ ಅಡ್ಡಿಯಿಲ್ಲ. ದಕ್ಷಿಣದ ಪಕ್ಕದ ನಿವೇಶನ ಈಗ ಖಾಲಿಯಿದ್ದರೂ ಅಲ್ಲೊಂದು ಮೂರು ಅಂತಸ್ತಿನ ಎತ್ತರದ ಥರ್ಮಾಕೋಲ್ ತುಂಡನ್ನು ತಪ್ಪದೇ ಇಟ್ಟು ನೋಡಿ.

ಉತ್ತರ 2: ಕಟ್ಟಡ ಗುತ್ತಿಗೆದಾರ, ಮಂಡ್ಯ

ಮೇಲಿನವರ ಮಾತಿಗೆ ನನ್ನ ಅಲ್ಪ ತಕರಾರಿದೆ. ಮಾದರಿಯನ್ನು ಎಲ್ಲರೂ ಗರುಡನಂತೆ ಮೇಲಿನಿಂದ ನೋಡುತ್ತಾರೆ, ಮನೆಯಲ್ಲಿ ಬಾಳುವವರು ನೆಲದ ಮೇಲೆ ಓಡಾಡುತ್ತಾರೆ. ಮೇಲಿನಿಂದ ನೋಡಿದಾಗ ಎಂಟಡಿಯ ಕೋಣೆಯೂ ವಿಶಾಲವಾಗಿ ಕಾಣುತ್ತದೆ, ಏಕೆಂದರೆ ಅದಕ್ಕೆ ಚಾವಣಿಯೇ ಇರುವುದಿಲ್ಲ. ಹೀಗೆ ಮಾದರಿಯಲ್ಲಿ ಮೆಚ್ಚಿ ಒಪ್ಪಿದ ಮಲಗುವ ಕೋಣೆಯನ್ನು ಗೋಡೆ ಎದ್ದ ಮೇಲೆ ಇಕ್ಕಟ್ಟೆಂದು ಒಡೆಸಿದ ಮಾಲೀಕರೊಬ್ಬರ ಕೆಲಸವನ್ನು ನಾನೇ ಮಾಡಿದ್ದೇನೆ. ಇಟ್ಟಿಗೆಯೂ ಹೋಯಿತು, ಹದಿನೈದು ದಿನದ ಕೂಲಿಯೂ ಹೋಯಿತು.

ನನ್ನ ಪದ್ಧತಿ ಬೇರೆ. ಪಾಯ ತೆಗೆಯುವ ಮುನ್ನ ನಿವೇಶನವನ್ನು ಸಮತಟ್ಟು ಮಾಡಿಸಿ, ಸುಣ್ಣದ ಪುಡಿಯಿಂದ ಇಡೀ ನಕ್ಷೆಯನ್ನು ಅಳತೆಗೆ ಅಳತೆಯಾಗಿ ನೆಲದ ಮೇಲೆ ಬರೆಯುತ್ತೇನೆ. ಆಮೇಲೆ ಮನೆಯವರನ್ನೆಲ್ಲ ಕರೆಸಿ, ಒಂದು ಮಂಚ, ನಾಲ್ಕು ಕುರ್ಚಿ ತರಿಸಿ ಅಲ್ಲಲ್ಲೇ ಇಡಿಸುತ್ತೇನೆ. ಮನೆಯ ಹೆಣ್ಣುಮಕ್ಕಳು ಒಲೆಯ ಜಾಗದಿಂದ ಸಿಂಕಿನ ಜಾಗಕ್ಕೆ ನಾಲ್ಕು ಸಲ ನಡೆದು ನೋಡಿದರೆಂದರೆ ಅಡುಗೆಮನೆಯ ನಕ್ಷೆ ಅಲ್ಲಿಯೇ ಬದಲಾಗುತ್ತದೆ. ಕಿಟಕಿಯ ಎತ್ತರ ತಿಳಿಯಲು ಎರಡು ಗಳುವಿಗೆ ಹಗ್ಗ ಕಟ್ಟಿದರಾಯಿತು. ಇದು ಸಹ ಮಾದರಿಯೇ, ಒಂದಕ್ಕೆ ಒಂದರ ಪ್ರಮಾಣದ್ದು.

ಒಂದು ವಿಷಯದಲ್ಲಿ ಮಾತ್ರ ನಾನು ಸೋಲೊಪ್ಪುತ್ತೇನೆ. ಮೆಟ್ಟಿಲು. ಸುಣ್ಣದ ಗೆರೆಗೆ ಎತ್ತರವಿಲ್ಲದ ಕಾರಣ, ಏರುವವರ ತಲೆ ಮೇಲಿನ ಬೀಮಿಗೆ ತಾಗುತ್ತದೆಯೋ ಇಲ್ಲವೋ ಎಂಬುದು ಅದರಲ್ಲಿ ತಿಳಿಯುವುದಿಲ್ಲ. ಹೀಗಾಗಿ ತಿರುವಿನ ಮೆಟ್ಟಿಲಿದ್ದಲ್ಲೆಲ್ಲ ನಾನೇ ಥರ್ಮಾಕೋಲಿನಲ್ಲಿ ಅದನ್ನು ಕತ್ತರಿಸಿ, ಮೇಲಿನ ಬೀಮನ್ನೂ ಕೂರಿಸಿ, ಸೆಂಟ್ರಿಂಗ್‌ನವರಿಗೂ ಕಂಬಿ ಕಟ್ಟುವವರಿಗೂ ತೋರಿಸುತ್ತೇನೆ. ನಕ್ಷೆ ಬಿಡಿಸಿ ಅರ್ಧ ಗಂಟೆ ವಿವರಿಸಿದರೂ ಬಗೆಹರಿಯದ್ದು ಆ ತುಂಡನ್ನು ಕೈಗೆ ಕೊಟ್ಟೊಡನೆ ಬಗೆಹರಿಯುತ್ತದೆ. ಮೆಟ್ಟಿಲಿನ ಮೂಗಿನಿಂದ (ಮುಂದಿನ ಅಂಚಿನಿಂದ) ಮೇಲಿನ ಬೀಮಿನ ತಳಕ್ಕೆ ಏಳಡಿ ಉಳಿದಿದೆಯೇ ಎಂದು ತಾವೂ ಅಳೆದು ನೋಡಿ.

ಉತ್ತರ 3: ವಾಸ್ತುಶಿಲ್ಪ ವಿದ್ಯಾರ್ಥಿನಿ, ಮೈಸೂರು

ಗುತ್ತಿಗೆದಾರರು ಹೇಳಿದ ಗರುಡನ ತೊಂದರೆಗೆ ನಮ್ಮ ತರಗತಿಯಲ್ಲಿ ಒಂದು ಉಪಾಯವಿದೆ. ಐವತ್ತಕ್ಕೆ ಒಂದರ ಮಾದರಿಯಲ್ಲಿ ನಿಂತ ಮನುಷ್ಯನ ಕಣ್ಣಿನ ಎತ್ತರ ಸುಮಾರು ಮೂರು ಸೆಂಟಿಮೀಟರ್. ಮೊಬೈಲನ್ನು ತಲೆಕೆಳಗಾಗಿ ಹಿಡಿದು, ಕ್ಯಾಮೆರಾದ ಕಣ್ಣು ಮಾದರಿಯ ನೆಲದಿಂದ ಅಷ್ಟೇ ಎತ್ತರಕ್ಕೆ ಬರುವಂತೆ ಬಾಗಿಲಿನ ಬಳಿ ಇಟ್ಟು, ಚಾವಣಿಯನ್ನು ಮುಚ್ಚಿ ಚಿತ್ರ ತೆಗೆದರೆ ಕೋಣೆ ಒಳಗಿನಿಂದ ಹೇಗೆ ಕಾಣುತ್ತದೆಂಬುದು ತಿಳಿಯುತ್ತದೆ. ಕೈಯಿಂದ ಮಾಡುವವರಿಗೆ ಇನ್ನೆರಡು ಮಾತು: ರಬ್ಬರ್ ದ್ರಾವಣದ ಅಂಟನ್ನು ಥರ್ಮಾಕೋಲಿಗೆ ಹಚ್ಚಬೇಡಿ, ಅದು ಥರ್ಮಾಕೋಲನ್ನು ಕರಗಿಸಿ ತಿಂದುಹಾಕುತ್ತದೆ, ಬಿಳಿಯ ಫೆವಿಕಾಲ್ ಸಾಕು. ರಟ್ಟನ್ನು ಒಂದೇ ಏಟಿಗೆ ಕತ್ತರಿಸಲು ಹೋಗದೆ ಮೂರು ನಾಲ್ಕು ಸಲ ಹಗುರವಾಗಿ ಗೀರಿ, ಬ್ಲೇಡಿನ ತುದಿಯನ್ನು ಆಗಾಗ ಮುರಿದು ಹೊಸದು ಮಾಡಿಕೊಳ್ಳಿ. ದಸರೆಯಲ್ಲಿ ಗೊಂಬೆ ಕೂರಿಸುವಾಗ ರಾಗಿ ಮೊಳಕೆಯ ಪಾರ್ಕು, ರಟ್ಟಿನ ಮಂಟಪ ಮಾಡಿ ಅಭ್ಯಾಸವಿರುವ ಮಕ್ಕಳು ಮನೆಯಲ್ಲಿದ್ದರೆ ಈ ಕೆಲಸವನ್ನು ಅವರಿಗೇ ಒಪ್ಪಿಸಬಹುದು.

ಉತ್ತರ 4: ನಿವೃತ್ತ ನೀರಾವರಿ ಎಂಜಿನಿಯರ್, ಮಂಡ್ಯ

ಮಳೆಯ ಪ್ರಶ್ನೆಗೆ ಯಾರೂ ಉತ್ತರಿಸಲಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ದಯವಿಟ್ಟು ಮಾದರಿಯ ಮೇಲೆ ನೀರು ಸುರಿದು ತೀರ್ಮಾನಕ್ಕೆ ಬರಬೇಡಿ. ಬಿಸಿಲಿಗೆ ಅಳತೆಯ ಹಂಗಿಲ್ಲವೆಂದು ವಾಸ್ತುಶಿಲ್ಪಿಗಳು ಹೇಳಿದ್ದು ಸರಿ. ನೀರಿಗೆ ಆ ಹಂಗು ಬಹಳವಾಗಿ ಇದೆ.

ನಮ್ಮ ಕೃಷ್ಣರಾಜಸಾಗರದ ಕರ್ನಾಟಕ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರದಲ್ಲಿ ಅಣೆಕಟ್ಟೆಗಳ ಕೋಡಿಗಳನ್ನು ಚಿಕ್ಕದಾಗಿ ಕಟ್ಟಿ, ಅವುಗಳ ಮೇಲೆ ನೀರು ಹರಿಸಿ ಪರೀಕ್ಷಿಸುತ್ತಾರೆ. ಬೃಂದಾವನಕ್ಕೆ ಹೋಗಿ ಬರುವ ಸಾವಿರಾರು ಜನರಿಗೆ ಪಕ್ಕದಲ್ಲೇ ಇಂಥದೊಂದು ಕೆಲಸ ನಡೆಯುತ್ತದೆಂಬುದು ತಿಳಿದಿರುವುದಿಲ್ಲ. ಅಲ್ಲಿ ಬಳಸುವ ನಿಯಮದಂತೆ, ಉದ್ದಳತೆಯನ್ನು ಐವತ್ತು ಪಟ್ಟು ಕುಗ್ಗಿಸಿದರೆ ನೀರಿನ ವೇಗವನ್ನು ಐವತ್ತರ ವರ್ಗಮೂಲದಷ್ಟು, ಎಂದರೆ ಏಳು ಪಟ್ಟು ಮಾತ್ರ ಕುಗ್ಗಿಸಬೇಕು. ಹರಿವಿನ ಪ್ರಮಾಣವನ್ನಾದರೋ ಸುಮಾರು 17,700 ಪಟ್ಟು ಕುಗ್ಗಿಸಬೇಕು. ಮಂಡ್ಯದವರಿಗೆ ಕ್ಯೂಸೆಕ್ಕಿನ ಲೆಕ್ಕ ನಾಲಿಗೆಯ ತುದಿಯಲ್ಲಿರುವುದರಿಂದ ಹೀಗೆ ಹೇಳುತ್ತೇನೆ: ಹತ್ತು ಸಾವಿರ ಕ್ಯೂಸೆಕ್ ಹರಿಯುವ ಕೋಡಿಯನ್ನು ಆ ಪ್ರಮಾಣದ ಮಾದರಿಯಲ್ಲಿ ತೋರಿಸಲು ಸೆಕೆಂಡಿಗೆ ಹದಿನಾರು ಲೀಟರ್ ನೀರು ಸಾಕು. ಆ ಮಾದರಿಯನ್ನು ಇನ್ನೂ ಚಿಕ್ಕದು ಮಾಡುತ್ತಾ ಹೋದರೆ ನೀರಿನ ಮೇಲ್ಮೈಯ ಎಳೆತ ಮೇಲುಗೈಯಾಗಿ, ನೀರು ಹರಿಯುವ ಬದಲು ಅಂಟಿಕೊಳ್ಳತೊಡಗುತ್ತದೆ. ತಮ್ಮ ರಟ್ಟಿನ ತಾರಸಿಯ ಮೇಲೆ ಚೊಂಬಿನಿಂದ ಸುರಿದ ನೀರಿನ ಹನಿ, ಅಳತೆಯಂತೆ ಲೆಕ್ಕ ಹಾಕಿದರೆ ಒಂದು ಕುಂಬಳಕಾಯಿಯಷ್ಟು ದಪ್ಪದ್ದು. ಅಂಥ ಮಳೆ ಮೈಸೂರಿನಲ್ಲಿ ಬೀಳುವುದಿಲ್ಲ.

ಅದರ ಬದಲು ಲೆಕ್ಕ ಹಾಕಿ. ತೊಟ್ಟಿಗೂ ಅದರೊಳಕ್ಕೆ ಇಳಿಯುವ ತಾರಸಿಗೂ ಸೇರಿ ಇಪ್ಪತ್ತಡಿಗೆ ಇಪ್ಪತ್ತಡಿಯ ಜಾಗವಿದೆಯೆಂದು ಹಿಡಿದರೆ, ಒಂದು ಗಂಟೆಯಲ್ಲಿ 50 ಮಿಲಿಮೀಟರ್ ಮಳೆ ಸುರಿದಾಗ ಸುಮಾರು 1,850 ಲೀಟರ್ ನೀರು ತೊಟ್ಟಿಗೆ ಬರುತ್ತದೆ. ನಾಲ್ಕಂಗುಲದ ಒಂದೇ ಪೈಪನ್ನು ನಂಬದೆ ಎರಡನ್ನು ಹಾಕಿಸಿ. ಒಂದಕ್ಕೆ ಎಲೆ ಸಿಕ್ಕಿಕೊಂಡರೂ ಇನ್ನೊಂದು ನಡುಮನೆಯನ್ನು ಉಳಿಸುತ್ತದೆ.

ಮಾದರಿ ನಿಂತಿದೆಯೆಂದು ಮನೆಯೂ ನಿಲ್ಲುತ್ತದೆಂದು ಭಾವಿಸುವುದೂ ಇದೇ ಜಾತಿಯ ತಪ್ಪು. ಒಂದೇ ವಸ್ತುವಿನಿಂದ ಐವತ್ತು ಪಟ್ಟು ಚಿಕ್ಕದಾಗಿ ಕಟ್ಟಿದಾಗ ತೂಕ 1,25,000 ಪಟ್ಟು ಇಳಿಯುತ್ತದೆ, ಆ ತೂಕವನ್ನು ಹೊರುವ ಕಂಬದ ಅಡ್ಡಕೊಯ್ತದ ವಿಸ್ತೀರ್ಣ ಇಳಿಯುವುದು 2,500 ಪಟ್ಟು ಮಾತ್ರ. ಹೀಗಾಗಿ ಸ್ವಂತ ಭಾರದಿಂದ ಮಾದರಿಯ ಕಂಬದ ಮೇಲಾಗುವ ಒತ್ತಡ ನಿಜವಾದ ಕಂಬದ ಐವತ್ತರಲ್ಲಿ ಒಂದು ಪಾಲು. ಇದನ್ನು ಅರಿತೇ ಸ್ಪೇನಿನ ವಾಸ್ತುಶಿಲ್ಪಿ ಗೌಡಿ, ಬಾರ್ಸಿಲೋನಾ ಬಳಿಯ ಕೊಲೋನಿಯಾ ಗುವೆಲ್ ಚರ್ಚಿಗಾಗಿ ದಾರಗಳನ್ನು ಇಳಿಬಿಟ್ಟು, ಅವುಗಳಿಗೆ ಸೀಸದ ಗುಂಡು ತುಂಬಿದ ಪುಟ್ಟ ಚೀಲಗಳನ್ನು ತೂಗುಹಾಕಿ, ಹತ್ತಕ್ಕೆ ಒಂದರ ಪ್ರಮಾಣದ ತಲೆಕೆಳಗಾದ ಮಾದರಿಯನ್ನು ಮಾಡಿದರು. ತೂಗುವ ದಾರ ತಾಳುವ ಆಕಾರ ಭಾರಗಳ ಹಂಚಿಕೆಯನ್ನು ಅವಲಂಬಿಸಿದೆಯೇ ಹೊರತು ಅಳತೆಯನ್ನಲ್ಲ. ಅದನ್ನು ತಿರುಗಿಸಿ ಹಿಡಿದರೆ ಅದೇ ಕಮಾನಿನ ಆಕಾರ. ಅವರು ಮಾದರಿಯನ್ನು ಕೇಳಿದ್ದು ಆಕಾರವೊಂದನ್ನೇ. ತಾವು ಬಿಸಿಲನ್ನು ಕೇಳಿ, ಮೆಟ್ಟಿಲಿನ ಎತ್ತರವನ್ನು ಕೇಳಿ. ಕಂಬ ಮತ್ತು ಕಂಬಿಯ ಮಾತನ್ನು ಸ್ಟ್ರಕ್ಚರಲ್ ಎಂಜಿನಿಯರಿಗೆ ಬಿಡಿ.

ಮರು ಉತ್ತರ: ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಗಾಜಿನ ಪೆಟ್ಟಿಗೆಯ ಮಾದರಿಯನ್ನು ಕೈಬಿಟ್ಟು, ನಾನೂ ನನ್ನ ಮೊಮ್ಮಗಳೂ ಸೇರಿ ಎರಡು ಭಾನುವಾರಗಳಲ್ಲಿ ರಟ್ಟಿನ ಮನೆ ಕಟ್ಟಿದೆವು. ಗೋಡೆಗಳು ಅಷ್ಟೇನೂ ನೇರವಾಗಿಲ್ಲ. ಕಡ್ಡಿಯನ್ನು ನೆಟ್ಟು, ಹಲಗೆಯನ್ನು ಓರೆ ಮಾಡಿ, ನೆರಳನ್ನು ಡಿಸೆಂಬರಿನ ಚುಕ್ಕೆಗೆ ತಂದಾಗ ತೊಟ್ಟಿಯ ನೆಲವೆಲ್ಲ ನೆರಳಾಗಿತ್ತು. ನಕ್ಷೆಯಂತೆ ತೊಟ್ಟಿಯ ನಾಲ್ಕೂ ಬದಿಗೆ ಎರಡು ಅಂತಸ್ತು, ಅದರ ಮೇಲೆ ಮೂರಡಿಯ ಪ್ಯಾರಪೆಟ್ ಸೇರಿ ಇಪ್ಪತ್ತಮೂರಡಿ ಎತ್ತರವಿರುವುದರಿಂದ ಬಿಸಿಲು ಉತ್ತರದ ಗೋಡೆಯ ಮೇಲೆ ಹನ್ನೆರಡಡಿಯ ಆಚೆಗೆ ಮಾತ್ರ ಬೀಳುತ್ತಿತ್ತು. ಎಂದರೆ ಅವರೆಕಾಯಿ ಬಿಡಿಸಬೇಕಾದವರು ಮಹಡಿಯ ಗೋಡೆಗೆ ಅಂಟಿಕೊಂಡು ಕೂರಬೇಕಿತ್ತು. ತಾಯಿಯವರು ನೋಡಿ, "ಇದು ತೊಟ್ಟಿಯಲ್ಲ, ಬಾವಿ" ಎಂದರು.

ದಕ್ಷಿಣದ ಬದಿಯ ಮಹಡಿ ಕೋಣೆಯ ಸೂಜಿಗಳನ್ನು ಕಿತ್ತು ಅದನ್ನು ವಾಯವ್ಯಕ್ಕೆ ಸಾಗಿಸಿ, ಆ ಜಾಗವನ್ನು ಬಯಲು ತಾರಸಿಯಾಗಿ ಬಿಟ್ಟೆವು. ಆಗ ಬಿಸಿಲು ಉತ್ತರದ ಗೋಡೆಯಲ್ಲಿ ನೆಲದಿಂದ ಎರಡಡಿಯವರೆಗೆ ಇಳಿಯಿತು. ತೊಟ್ಟಿಯ ಅಂಚಿನ ಪ್ಯಾರಪೆಟ್ಟನ್ನೂ ತೆಗೆದು ಕಬ್ಬಿಣದ ಗ್ರಿಲ್ ಎಂದು ಭಾವಿಸಿದಾಗ, ಗೋಡೆಯ ಎತ್ತರ ಹತ್ತೂವರೆ ಅಡಿಗೆ ಇಳಿದು, ನೆಲದ ಮೇಲೆ ಉತ್ತರದ ಅಂಚಿನಲ್ಲಿ ಅರ್ಧ ಅಡಿಯ ಬಿಸಿಲಿನ ಪಟ್ಟಿ ಕಾಣಿಸಿತು. ಸಂಕ್ರಾಂತಿಯ ಹೊತ್ತಿಗೆ ಅದು ಒಂದಡಿಯಾಗುತ್ತದೆಂದು ನಮ್ಮ ವಾಸ್ತುಶಿಲ್ಪಿಗಳು ಲೆಕ್ಕ ಹಾಕಿ ಹೇಳಿದರು; ಮಾದರಿಯನ್ನು ಅವರ ಕಚೇರಿಗೆ ಒಯ್ದಾಗ ಅವರು ಬೇಸರಿಸದೆ, ತಾವೇ ಇನ್ನೊಂದು ಗೋಡೆಯನ್ನು ಕಿತ್ತು ನೋಡಿದರೆಂಬುದನ್ನು ಇಲ್ಲಿ ಹೇಳಲೇಬೇಕು. ದಕ್ಷಿಣಕ್ಕೆ ಮೂರು ಅಂತಸ್ತಿನ ಥರ್ಮಾಕೋಲ್ ಇಟ್ಟರೂ ಆ ಅರ್ಧ ಅಡಿ ಉಳಿಯುತ್ತದೆ, ನಾಲ್ಕನೆಯ ಅಂತಸ್ತು ಏರಿದರೆ ಹೋಗುತ್ತದೆ.

ಮೆಟ್ಟಿಲಿನ ಮೂಗಿನಿಂದ ಬೀಮಿನ ತಳಕ್ಕೆ ಮಾದರಿಯಲ್ಲಿ ನಾಲ್ಕು ಸೆಂಟಿಮೀಟರ್ ಇದೆ. ಅದು ಆರೂವರೆ ಅಡಿ ಮಾತ್ರ ಆಗುವುದರಿಂದ ಮೆಟ್ಟಿಲನ್ನು ಒಂದಡಿ ಹಿಂದಕ್ಕೆ ಸರಿಸುವುದೋ, ಬೀಮನ್ನು ಬದಲಿಸುವುದೋ ಇನ್ನೂ ತೀರ್ಮಾನವಾಗಿಲ್ಲ. ಮಂಡ್ಯದ ಗುತ್ತಿಗೆದಾರರು ಹೇಳಿದಂತೆ ಬರುವ ವಾರ ನಿವೇಶನದಲ್ಲಿ ಸುಣ್ಣದ ಪುಡಿ ಹಾಕಿಸುತ್ತಿದ್ದೇವೆ. ತಾಯಿಯವರು ತಮ್ಮ ಮಣೆಯನ್ನು ಈಗಲೇ ತೆಗೆದಿಟ್ಟುಕೊಂಡಿದ್ದಾರೆ.